ಇಸ್ರೇಲ್ ಚುನಾವಣೆ: ಎಣಿಕೆಯ ರಾತ್ರಿ ಏನು ನೋಡಬೇಕು, ಯಾವ ಅಂಕಿ ನಂಬಬಾರದು

ಓದುಗ_ಧಾರವಾಡ

25ನೇ ಕ್ನೆಸೆಟ್ (ಇಸ್ರೇಲ್ ಸಂಸತ್ತು) ನಂತರದ ಚುನಾವಣೆಗೆ ಕಾನೂನು ಹಾಕಿರುವ ಗಡುವು 2026ರ ಅಕ್ಟೋಬರ್ 27. 2019ರ ಏಪ್ರಿಲ್‌ನಿಂದ 2022ರ ನವೆಂಬರ್‌ವರೆಗೆ ಆ ದೇಶದಲ್ಲಿ ಐದು ಸಲ ಮತದಾನ ನಡೆಯಿತು, ಬಹುತೇಕ ಎಲ್ಲವೂ ಕೂದಲೆಳೆಯ ಅಂತರದಲ್ಲಿ ತೀರ್ಮಾನವಾದವು. ಆದರೆ ನಮ್ಮ ಟೀವಿ, ಪತ್ರಿಕೆಗಳಲ್ಲಿ "ಯಾರು ಮುಂದೆ, ಯಾರು ಹಿಂದೆ" ಬಿಟ್ಟರೆ ಬೇರೆ ವಿವರ ಸಿಗುವುದಿಲ್ಲ. ಎಣಿಕೆಯ ರಾತ್ರಿ ಯಾವ ಹೊತ್ತಿಗೆ ಯಾವ ಅಂಕಿ ಬರುತ್ತದೆ, ಅದರಲ್ಲಿ ಎಷ್ಟನ್ನು ನಂಬಬಹುದು, ಬಲ್ಲವರು ತಿಳಿಸಿ. ದೊಡ್ಡ ಪಕ್ಷ ಸೋತು ಚಿಕ್ಕ ಪಕ್ಷದವರು ಪ್ರಧಾನಿಯಾಗುವುದು ಹೇಗೆ ಎಂಬುದೂ ಗೊತ್ತಾಗಬೇಕು.

ಮತಗಣಿತ

ಮೊದಲು ಚೌಕಟ್ಟು. ಕ್ನೆಸೆಟ್‌ನಲ್ಲಿ 120 ಸ್ಥಾನ, ಬಹುಮತಕ್ಕೆ 61. ನಮ್ಮಲ್ಲಿರುವಂತೆ ಕ್ಷೇತ್ರಗಳಿಲ್ಲ; ಇಡೀ ದೇಶವೇ ಒಂದು ಕ್ಷೇತ್ರ. ಮತ ಹಾಕುವುದು ಅಭ್ಯರ್ಥಿಗಲ್ಲ, ಪಕ್ಷದ ಪಟ್ಟಿಗೆ. ಪಟ್ಟಿಯೊಳಗಿನ ಕ್ರಮವನ್ನು ಮತದಾರ ಬದಲಿಸಲಾರ. ಒಟ್ಟು ಸಿಂಧು ಮತದಲ್ಲಿ ಶೇ 3.25 ಸಿಗದ ಪಟ್ಟಿಗೆ ಒಂದು ಸ್ಥಾನವೂ ಇಲ್ಲ. 2014ಕ್ಕೆ ಮೊದಲು ಈ ಗಡಿ ಶೇ 2 ಇತ್ತು.

ಆದ್ದರಿಂದ ಎಣಿಕೆಯ ರಾತ್ರಿ ಎರಡೇ ಪ್ರಶ್ನೆ. ಒಂದು, ಯಾವ ಬಣ (ಜತೆಗೂಡಿ ಸರ್ಕಾರ ಮಾಡಬಲ್ಲ ಪಕ್ಷಗಳ ಗುಂಪು) 61 ಮುಟ್ಟುತ್ತದೆ? ಎರಡು, ಶೇ 3.25ರ ಆಸುಪಾಸಿನಲ್ಲಿ ಯಾರಿದ್ದಾರೆ? ಅತಿ ದೊಡ್ಡ ಪಕ್ಷ ಯಾವುದು ಎನ್ನುವುದು ಮೂರನೆಯ ಮಾತು. 2009ರಲ್ಲಿ ತ್ಸಿಪಿ ಲಿವ್ನಿಯವರ ಕದಿಮಾ 28 ಗೆದ್ದಿತು, ನೆತನ್ಯಾಹು ಅವರ ಲಿಕುಡ್ 27. ಸರ್ಕಾರ ಮಾಡಿದ್ದು ನೆತನ್ಯಾಹು, ಏಕೆಂದರೆ ಬಲಪಂಥದ ಬಣ ದೊಡ್ಡದಿತ್ತು. 2021ರಲ್ಲಿ ಇನ್ನೂ ವಿಚಿತ್ರ: ಲಿಕುಡ್ 30, ಯಾಯಿರ್ ಲಪಿಡ್ ಅವರ ಯೇಶ್ ಅತೀದ್ 17, ಪ್ರಧಾನಿಯಾದದ್ದು ಏಳು ಸ್ಥಾನಗಳ ಯಮೀನಾ ಪಕ್ಷದ ನಫ್ತಾಲಿ ಬೆನೆಟ್.

ಇನ್ನು ಸಮಯ. ಹೆಚ್ಚಿನ ಮತಗಟ್ಟೆಗಳು ಬೆಳಿಗ್ಗೆ 7ಕ್ಕೆ ತೆರೆದು ರಾತ್ರಿ 10ಕ್ಕೆ ಮುಚ್ಚುತ್ತವೆ. ಸಣ್ಣ ಊರು, ಆಸ್ಪತ್ರೆ, ಜೈಲುಗಳ ಮತಗಟ್ಟೆಗಳ ವೇಳೆ ಇದಕ್ಕಿಂತ ಕಡಿಮೆ. ಅಲ್ಲಿ ಬೇಸಿಗೆ ಸಮಯ ಜಾರಿಯಲ್ಲಿದ್ದರೆ ರಾತ್ರಿ 10 ಅಂದರೆ ನಮ್ಮ 12.30, ಚಳಿಗಾಲದ ಸಮಯವಾದರೆ ನಮ್ಮ 1.30. ಬದಲಾವಣೆ ಆಗುವುದು ಅಕ್ಟೋಬರ್ ಕೊನೆಯ ಭಾನುವಾರ, 2026ರಲ್ಲಿ ಅದು 25ನೇ ತಾರೀಕು. ಅಂದರೆ ಗಡುವಿನ ದಿನವೇ ಮತದಾನ ನಡೆದರೆ ನಾವು 1.30ರವರೆಗೆ ಕಾಯಬೇಕು.

ಬೆಳಗಿನ_ಪತ್ರಿಕೆ

ಆ 10 ಗಂಟೆಗೆ ಸರಿಯಾಗಿ ಕಾನ್ 11, ಚಾನೆಲ್ 12, ಚಾನೆಲ್ 13, ಮೂರೂ ತಮ್ಮ ತಮ್ಮ ಮತಗಟ್ಟೆ ಸಮೀಕ್ಷೆ ಬಿಡುತ್ತವೆ. ಎಡವುವುದು ಇಲ್ಲೇ. ಸಮೀಕ್ಷೆ ಮಾಡುವ ಬಗೆ ಹೀಗೆ: ಆಯ್ದ ಕೆಲವು ಮತಗಟ್ಟೆಗಳ ಹೊರಗೆ ಅಣಕು ಮತಪೆಟ್ಟಿಗೆ ಇಟ್ಟು, ಹೊರಬಂದವರಿಗೆ "ಒಳಗೆ ಹಾಕಿದ್ದನ್ನೇ ಇಲ್ಲೂ ಹಾಕಿ" ಎಂದು ಕೇಳುತ್ತಾರೆ. ಒಲ್ಲೆ ಎನ್ನುವವರು ಇದ್ದೇ ಇರುತ್ತಾರೆ. 10 ಗಂಟೆಯ ಪ್ರಸಾರಕ್ಕೆ ಅಂಕಿ ಸಿದ್ಧವಾಗಬೇಕಾದ್ದರಿಂದ ಮತದಾನ ಮುಗಿಯುವ ಮೊದಲೇ ಮಾದರಿ ಸಂಗ್ರಹ ನಿಲ್ಲಿಸುತ್ತಾರೆ, ಕೊನೆಯ ಹೊತ್ತಿನ ಮತದಾರರು ತಪ್ಪಿಹೋಗುತ್ತಾರೆ. ಸೈನಿಕರ ಮತವಂತೂ ಆ ಪೆಟ್ಟಿಗೆಗೆ ಬೀಳುವುದೇ ಇಲ್ಲ.

ಪರಿಣಾಮ ನೋಡಿ. 2015ರ ಮಾರ್ಚ್ 17ರ ರಾತ್ರಿ ಸಮೀಕ್ಷೆ ಹೇಳಿದ್ದು 27–27 ಸಮಬಲ. ಎಣಿಸಿದಾಗ ಲಿಕುಡ್ 30, ಝಯನಿಸ್ಟ್ ಯೂನಿಯನ್ 24. 2019ರ ಏಪ್ರಿಲ್ 9ರಂದು ಚಾನೆಲ್ 12 ಬೆನ್ನಿ ಗ್ಯಾಂಟ್ಜ್ ಅವರ ಕಹೋಲ್ ಲವಾನ್‌ಗೆ 37, ಲಿಕುಡ್‌ಗೆ 33 ಕೊಟ್ಟಿತು. ಗ್ಯಾಂಟ್ಜ್ ವಿಜಯ ಭಾಷಣವನ್ನೂ ಮಾಡಿದರು. ಕೊನೆಗೆ ಇಬ್ಬರಿಗೂ 35. 2021ರ ಮಾರ್ಚ್ 23ರಂದು ಯಮೀನಾ ಸೇರಿದರೆ ನೆತನ್ಯಾಹು ಬಣ 61 ಎಂದರು. ಆ ಹೊತ್ತಿಗೆ ಮನ್ಸೂರ್ ಅಬ್ಬಾಸ್ ಅವರ ಅರಬ್ ಪಕ್ಷ ರಾಮ್ ಶೇ 3.25ರ ಗಡಿ ದಾಟುವುದಿಲ್ಲ ಎಂಬ ಲೆಕ್ಕವಿತ್ತು. ಬೆಳಗಾಗುವಷ್ಟರಲ್ಲಿ ಅದು ದಾಟಿತು, 4 ಸ್ಥಾನ ಪಡೆಯಿತು, 61 ಇದ್ದದ್ದು 59ಕ್ಕೆ ಇಳಿಯಿತು.

1996ರಲ್ಲಿ ಪ್ರಧಾನಿಯ ನೇರ ಚುನಾವಣೆಯಲ್ಲಿ ಶಿಮೋನ್ ಪೆರೆಸ್ ಗೆದ್ದರೆಂದು ದೇಶ ಮಲಗಿತು, ಎದ್ದಾಗ ನೆತನ್ಯಾಹು ಗೆದ್ದಿದ್ದರು. ಅಂತರ 29,457 ಮತ. ಈ ಮಾತನ್ನು ಅಲ್ಲಿನವರು ಇಂದಿಗೂ ಪ್ರತಿ ಚುನಾವಣೆಯ ರಾತ್ರಿ ನೆನೆಸುತ್ತಾರೆ.

ಓದುಗ_ಧಾರವಾಡ

ಸರ್, 2022ರಲ್ಲಿ ಎರಡೂ ಬಣಕ್ಕೆ ಬಿದ್ದ ಮತ ಹೆಚ್ಚೂಕಡಿಮೆ ಸಮ ಎನ್ನುತ್ತಾರೆ. ಹಾಗಾದರೆ ನೆತನ್ಯಾಹು ಬಣಕ್ಕೆ 64, ಎದುರಿನವರಿಗೆ 56 ಹೇಗೆ? ಇದೊಂದನ್ನು ಬಿಡಿಸಿ ಹೇಳಿ.

ಮತಗಣಿತ

ಪೂರ್ತಿ ಲೆಕ್ಕ ಹಾಕೋಣ. ಇದನ್ನು ಒಮ್ಮೆ ಕೈಯಾರೆ ಮಾಡಿದರೆ ಮುಂದಿನ ಯಾವ ಚುನಾವಣೆಯಲ್ಲೂ ಬೇರೆಯವರ ವಿಶ್ಲೇಷಣೆಗೆ ಕಾಯಬೇಕಿಲ್ಲ.

2022ರ ನವೆಂಬರ್ 1ರ ಸಿಂಧು ಮತ 47,64,742. ಶೇ 3.25 ಅಂದರೆ ಸುಮಾರು 1,54,850. ಎಡಪಂಥದ ಮೆರೆಟ್ಜ್‌ಗೆ ಬಿದ್ದದ್ದು 1,50,793, ಅರಬ್ ಪಕ್ಷ ಬಲದ್‌ಗೆ 1,38,617. ಮೆರೆಟ್ಜ್‌ಗೆ ಕಡಿಮೆ ಬಿದ್ದದ್ದು ನಾಲ್ಕು ಸಾವಿರದ ಆಸುಪಾಸು. ಎರಡೂ ಸೇರಿ 2,89,410 ಮತ ಲೆಕ್ಕದಿಂದಲೇ ಹೊರಗೆ. ಎರಡೂ ನೆತನ್ಯಾಹು ವಿರೋಧಿ ಮತಗಳು.

ಗಡಿ ದಾಟಿದ ಹತ್ತು ಪಟ್ಟಿಗಳು:

ಲಿಕುಡ್ 11,15,336
ಯೇಶ್ ಅತೀದ್ 8,47,435
ರಿಲಿಜಿಯಸ್ ಝಯನಿಸಂ 5,16,470
ನ್ಯಾಷನಲ್ ಯೂನಿಟಿ 4,32,482
ಶಾಸ್ 3,92,964
ಯುನೈಟೆಡ್ ತೋರಾ ಜುಡಾಯಿಸಂ 2,80,194
ಯಿಸ್ರಾಯೇಲ್ ಬೆಯ್ತೇನು 2,13,687
ರಾಮ್ 1,94,047
ಹದಾಶ್–ತಾಲ್ 1,78,735
ಲೇಬರ್ 1,75,992

ಹಂತ 1: ಇವುಗಳ ಮೊತ್ತ 43,47,342. ಇದನ್ನು 120ರಿಂದ ಭಾಗಿಸಿ: 36,227. ಒಂದು ಸ್ಥಾನದ ಬೆಲೆ ಇದು. ಗಮನಿಸಿ, ಭಾಗಿಸಬೇಕಾದ್ದು ಎಲ್ಲ ಸಿಂಧು ಮತಗಳನ್ನಲ್ಲ, ಗಡಿ ದಾಟಿದವರ ಮತಗಳನ್ನು ಮಾತ್ರ. ಅಂತರ್ಜಾಲದಲ್ಲಿ ಸಿಗುವ ಬಹುತೇಕ ತಪ್ಪು ಲೆಕ್ಕಗಳು ಇಲ್ಲೇ ಹುಟ್ಟುವುದು.

ಹಂತ 2: ಪ್ರತಿ ಪಟ್ಟಿಯ ಮತವನ್ನು ಈ ಬೆಲೆಯಿಂದ ಭಾಗಿಸಿ, ದಶಮಾಂಶ ಬಿಟ್ಟುಬಿಡಿ. ಮೇಲಿನ ಕ್ರಮದಲ್ಲೇ 30, 23, 14, 11, 10, 7, 5, 5, 4, 4. ಮೊತ್ತ 113. ಉಳಿದದ್ದು 7 ಸ್ಥಾನ.

ಹಂತ 3: ಈ ಏಳನ್ನು ಹಂಚುವುದೇ ಬಾದೆರ್–ಓಫೆರ್ ಪದ್ಧತಿ, 1973ರಿಂದ ಜಾರಿಯಲ್ಲಿದೆ. ಮತದಾನಕ್ಕೆ ಮೊದಲೇ ಎರಡೆರಡು ಪಟ್ಟಿಗಳು "ಉಳಿಕೆ ಮತ ಒಪ್ಪಂದ" ಮಾಡಿಕೊಳ್ಳಬಹುದು. ಆಗ ಈ ಹಂತದಲ್ಲಿ ಅವು ಒಂದೇ ಪಟ್ಟಿಯಂತೆ. ಆ ಸಲ ಲಿಕುಡ್ ಜತೆ ರಿಲಿಜಿಯಸ್ ಝಯನಿಸಂ, ಶಾಸ್ ಜತೆ ತೋರಾ ಜುಡಾಯಿಸಂ, ಯೇಶ್ ಅತೀದ್ ಜತೆ ನ್ಯಾಷನಲ್ ಯೂನಿಟಿ. ಲೇಬರ್ ಒಪ್ಪಂದ ಮೆರೆಟ್ಜ್ ಜತೆ ಇತ್ತು. ಮೆರೆಟ್ಜ್ ಬಿದ್ದದ್ದರಿಂದ ಅದು ರದ್ದಾಗಿ ಲೇಬರ್ ಒಂಟಿಯಾಯಿತು.

ಪ್ರತಿ ಜೋಡಿಯ ಮತವನ್ನು, ಈಗಿರುವ ಸ್ಥಾನಕ್ಕೆ ಒಂದು ಸೇರಿಸಿ ಭಾಗಿಸಿ. ಯಾರ ಫಲ ದೊಡ್ಡದೋ ಅವರಿಗೆ ಒಂದು ಸ್ಥಾನ. ಮತ್ತೆ ಅದೇ.

ಶಾಸ್ ಜೋಡಿ 37,397: ಮೊದಲನೆಯದು.
ಯೇಶ್ ಅತೀದ್ ಜೋಡಿ 36,569: ಎರಡನೆಯದು.
ಲಿಕುಡ್ ಜೋಡಿ 36,262: ಮೂರನೆಯದು.
ಹದಾಶ್–ತಾಲ್ 35,747: ನಾಲ್ಕನೆಯದು.
ಯಿಸ್ರಾಯೇಲ್ ಬೆಯ್ತೇನು 35,614: ಐದನೆಯದು.
ಯೇಶ್ ಅತೀದ್ ಜೋಡಿಗೆ ಮತ್ತೊಂದು, 35,553.
ಲಿಕುಡ್ ಜೋಡಿಗೆ ಮತ್ತೊಂದು, 35,474. ಏಳು ಮುಗಿಯಿತು.

ಹೊರಗುಳಿದ ಮುಂದಿನವರು ಶಾಸ್ ಜೋಡಿ 35,429, ಆಮೇಲೆ ಲೇಬರ್ 35,198. ಲೇಬರ್‌ಗೆ ಇನ್ನು 1,400ರಷ್ಟು ಮತ ಬಿದ್ದಿದ್ದರೆ ಕೊನೆಯ ಸ್ಥಾನ ಲಿಕುಡ್ ಜೋಡಿಯಿಂದ ಅದಕ್ಕೆ ಬರುತ್ತಿತ್ತು, ಬಣ 63ಕ್ಕೆ ಇಳಿಯುತ್ತಿತ್ತು. 47 ಲಕ್ಷ ಮತಗಳ ಚುನಾವಣೆಯಲ್ಲಿ 1,400.

ಹಂತ 4: ಜೋಡಿಯೊಳಗೆ ಹಂಚಿಕೆಯೂ ಇದೇ ಬಗೆ. ಲಿಕುಡ್ ಜೋಡಿಗೆ ಬಂದ ಎರಡೂ ಲಿಕುಡ್‌ಗೇ ಹೋದವು (ಎರಡನೆಯದಕ್ಕೆ ಲಿಕುಡ್ ಫಲ 34,854, ಜೊತೆಯವರದು 34,431). ಹೀಗೆ ಲಿಕುಡ್ 32, ರಿಲಿಜಿಯಸ್ ಝಯನಿಸಂ 14, ಶಾಸ್ 11, ತೋರಾ ಜುಡಾಯಿಸಂ 7. ಒಟ್ಟು 64.

ಗಡಿರೇಖೆ

ಮತಗಣಿತ ಅವರ ಲೆಕ್ಕವನ್ನು ಮುಂದುವರಿಸುತ್ತೇನೆ. ಉಳಿದೆಲ್ಲ ಮತ ಹಾಗೇ ಇಟ್ಟು ಮೆರೆಟ್ಜ್‌ಗೆ ಗಡಿ ದಾಟುವಷ್ಟೇ ಮತ ಕೊಟ್ಟು ಇದೇ ನಾಲ್ಕು ಹಂತ ಮಾಡಿದರೆ ನೆತನ್ಯಾಹು ಬಣ 62. ಬಲದ್‌ಗೂ ಅಷ್ಟೇ ಕೊಟ್ಟರೆ 60–60. ಅಂದರೆ ಆ ಚುನಾವಣೆಯನ್ನು ತೀರ್ಮಾನಿಸಿದ್ದು ಮತದಾರರ ಒಲವು ಬದಲಾದದ್ದಲ್ಲ. ಎದುರು ಬಣದ ಪಟ್ಟಿಗಳು ಒಂದಾಗದೆ ಬೇರೆ ಬೇರೆ ನಿಂತದ್ದು. ಲೇಬರ್ ಮೆರೆಟ್ಜ್ ಜತೆ ಸೇರಲಿಲ್ಲ, ಬಲದ್ ಹದಾಶ್–ತಾಲ್ ಜತೆ ಉಳಿಯಲಿಲ್ಲ. ನೆತನ್ಯಾಹು ಕಡೆಯಲ್ಲಾದರೆ ಕಟ್ಟಾ ಬಲಪಂಥದ ನಾಯಕರಾದ ಸ್ಮೋಟ್ರಿಚ್, ಬೆನ್ ಗ್ವಿರ್ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ (ರಿಲಿಜಿಯಸ್ ಝಯನಿಸಂ) ಕೂರಿಸಲು ನೆತನ್ಯಾಹು ಪಟ್ಟು ಹಿಡಿದಿದ್ದರು.

ಹಾಗಾಗಿ ನಿಜವಾದ ಚುನಾವಣೆಯ ಅರ್ಧಭಾಗ ಮತದಾನಕ್ಕೆ ಆರೇಳು ವಾರ ಮೊದಲು, ಪಟ್ಟಿ ಸಲ್ಲಿಸುವ ಕೊನೆಯ ದಿನವೇ ಮುಗಿದಿರುತ್ತದೆ. ಆ ದಿನ ಯಾರು ಯಾರ ಜತೆ ಸೇರಿದರು, ಯಾರು ಹಿಂದೆ ಸರಿದರು ಎನ್ನುವುದನ್ನು ಬರೆದಿಟ್ಟುಕೊಳ್ಳಿ. ಪ್ರಚಾರದ ಭಾಷಣಗಳಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಲಪಂಥಕ್ಕೂ ಇದೇ ಪೆಟ್ಟು ಬಿದ್ದಿದೆ. 1992ರಲ್ಲಿ ಬಲಪಂಥದ ತೆಹಿಯಾ ಪಕ್ಷ ಆಗಿನ ಶೇ 1.5ರ ಗಡಿ ದಾಟಲಿಲ್ಲ; ಲೇಬರ್ 44, ಮೆರೆಟ್ಜ್ 12, ಎರಡು ಅರಬ್ ಬೆಂಬಲದ ಪಟ್ಟಿಗಳ 5 ಸೇರಿ ಸರಿಯಾಗಿ 61 ಆಗಿ ಲೇಬರ್‌ನ ರಾಬಿನ್ ಪ್ರಧಾನಿಯಾದರು. 2019ರ ಏಪ್ರಿಲ್‌ನಲ್ಲಿ ಬೆನೆಟ್, ಆಯೆಲೆತ್ ಶಕೇದ್ ಅವರ ನ್ಯೂ ರೈಟ್ ಶೇ 3.22ರಲ್ಲಿ ನಿಂತಿತು. ಬೇಕಾದ್ದಕ್ಕಿಂತ 1,454 ಮತ ಕಡಿಮೆ. ನೆತನ್ಯಾಹು ಜತೆ ನಿಲ್ಲುವವರು 60ಕ್ಕೇ ಉಳಿದರು, ಯಿಸ್ರಾಯೇಲ್ ಬೆಯ್ತೇನುವಿನ ಲೀಬರ್‌ಮನ್ ಒಪ್ಪಲಿಲ್ಲ, ಸರ್ಕಾರ ಆಗಲಿಲ್ಲ, ಸೆಪ್ಟೆಂಬರ್‌ನಲ್ಲಿ ಮರುಚುನಾವಣೆ.

ಹೈಫಾ_ಬಂದರು

ಎಣಿಕೆಯ ಕ್ರಮ ಗೊತ್ತಿದ್ದರೆ ಅರ್ಧ ಗೊಂದಲ ಇರುವುದಿಲ್ಲ. ಇಲ್ಲಿ ವಿದ್ಯುನ್ಮಾನ ಯಂತ್ರ ಇಲ್ಲ. ಮತಗಟ್ಟೆಯಲ್ಲಿ ಪರದೆಯ ಹಿಂದೆ ಒಂದು ತಟ್ಟೆ, ಅದರಲ್ಲಿ ಪ್ರತಿ ಪಟ್ಟಿಗೆ ಒಂದು ಕಟ್ಟು ಚೀಟಿ. ಚೀಟಿಯ ಮೇಲೆ ದೊಡ್ಡದಾಗಿ ಒಂದರಿಂದ ಮೂರು ಹೀಬ್ರೂ ಅಕ್ಷರ. ಒಂದು ಚೀಟಿ ಎತ್ತಿ ಲಕೋಟೆಗೆ ಹಾಕಿ ಪೆಟ್ಟಿಗೆಗೆ ಬಿಡಬೇಕು. ಎರಡು ಬೇರೆ ಪಟ್ಟಿಗಳ ಚೀಟಿ ಇದ್ದರೆ ಅಸಿಂಧು. ಖಾಲಿ ಲಕೋಟೆಯೂ ಅಸಿಂಧು. ಬೇಕಾದ ಚೀಟಿ ಮುಗಿದಿದ್ದರೆ ಖಾಲಿ ಚೀಟಿಯ ಮೇಲೆ ಕೈಯಿಂದ ಅಕ್ಷರ ಬರೆದು ಹಾಕಬಹುದು.

ಮುಚ್ಚಿದ ಮೇಲೆ ಆಯಾ ಮತಗಟ್ಟೆಯಲ್ಲೇ ಎಣಿಸಿ ವರದಿ ಬರೆದು ಮೇಲಕ್ಕೆ ಕಳಿಸುತ್ತಾರೆ. ಮಧ್ಯರಾತ್ರಿಯ ನಂತರ ಅಂಕಿ ಬರತೊಡಗುತ್ತದೆ. ಶೇ 20 ಎಣಿಕೆಯಾದಾಗ ಕಾಣುವ ಪ್ರಮಾಣಕ್ಕೆ ಬೆಲೆ ಕೊಡಬೇಡಿ. ಯಾವ ಊರುಗಳು ಮೊದಲು ಬಂದಿವೆ ಎಂಬುದರ ಮೇಲೆ ಅದು ನಿಂತಿರುತ್ತದೆ. ತೆಲ್ ಅವಿವ್, ಹರೇದಿ (ಕಟ್ಟಾ ಸಂಪ್ರದಾಯಸ್ಥ ಯಹೂದಿ) ಊರು ಬ್ನೆಯ್ ಬ್ರಾಕ್, ಅರಬ್ ಊರು ರಹತ್ ಈ ಮೂರು ಊರುಗಳ ಮತದ ಬಣ್ಣ ಅಜಗಜಾಂತರ. ಯಾವುದು ತಡವಾದರೂ ಚಿತ್ರ ವಾಲುತ್ತದೆ.

ಕೊನೆಗೆ ಜೋಡಿ ಲಕೋಟೆ. ಸೈನಿಕರು, ಆಸ್ಪತ್ರೆಯಲ್ಲಿರುವವರು, ಕೈದಿಗಳು, ರಾಯಭಾರ ಸಿಬ್ಬಂದಿ, ಮತಗಟ್ಟೆ ಸಿಬ್ಬಂದಿ ತಮ್ಮ ಊರಲ್ಲಿ ಮತ ಹಾಕುವುದಿಲ್ಲ. ಒಳ ಲಕೋಟೆಯಲ್ಲಿ ಚೀಟಿ, ಹೊರ ಲಕೋಟೆಯ ಮೇಲೆ ಹೆಸರು, ಗುರುತಿನ ಸಂಖ್ಯೆ. ಇವೆಲ್ಲ ಜೆರುಸಲೇಮಿನ ಕ್ನೆಸೆಟ್ ಕಟ್ಟಡಕ್ಕೆ ಬಂದು, ಅದೇ ವ್ಯಕ್ತಿ ಊರಲ್ಲೂ ಮತ ಹಾಕಿಲ್ಲವೆಂದು ಪಟ್ಟಿ ನೋಡಿ ಖಚಿತವಾದ ಮೇಲೆಯೇ ಒಳ ಲಕೋಟೆ ಬಿಚ್ಚುತ್ತಾರೆ. ತಡವಾಗುವುದು ಇದರಿಂದ. 2022ರಲ್ಲಿ ಒಟ್ಟು ಮತದ ಹತ್ತನೇ ಒಂದರಷ್ಟು ಹೀಗೆ ಬಂದವು. 2021, 2022 ಎರಡರಲ್ಲೂ ಮಂಗಳವಾರ ಮತದಾನ, ಗುರುವಾರ ಲೆಕ್ಕ ಮುಗಿಯಿತು.

ಈ ಲಕೋಟೆಗಳಲ್ಲಿ ಸೈನಿಕರ ಪಾಲು ದೊಡ್ಡದು. ಹರೇದಿಗಳೂ ಅರಬ್ ನಾಗರಿಕರೂ ಸೇನೆಯಲ್ಲಿ ತೀರಾ ಕಡಿಮೆ. ಹಾಗಾಗಿ ಇವು ಸೇರಿದಾಗ ಶಾಸ್, ತೋರಾ ಜುಡಾಯಿಸಂ, ಅರಬ್ ಪಟ್ಟಿಗಳ ಶೇಕಡಾವಾರು ಸ್ವಲ್ಪ ಕುಸಿಯುತ್ತದೆ. ಬುಧವಾರ ಶೇ 3.3ರಲ್ಲಿರುವ ಅರಬ್ ಪಟ್ಟಿಯನ್ನು "ದಾಟಿತು" ಎನ್ನಬೇಡಿ. ಸಿಂಧು ಮತ ಹೆಚ್ಚಿದಂತೆ ಗಡಿಗೆ ಬೇಕಾದ ಮತದ ಸಂಖ್ಯೆಯೂ ಮೇಲೇರುತ್ತಿರುತ್ತದೆ.

ಕರಾವಳಿ_ಕೊಂಕಣಿ

ಮಂಗಳೂರು, ಉಡುಪಿ ಕಡೆಯವರು ಅಲ್ಲಿ ವೃದ್ಧರ ಆರೈಕೆ ಕೆಲಸದಲ್ಲಿ ಬಹಳ ಮಂದಿ ಇದ್ದಾರೆ. ಚುನಾವಣೆ ದಿನ ಅವರಿಗೇನಾದರೂ ಪಾತ್ರ ಇದೆಯೇ?

ಹೈಫಾ_ಬಂದರು

ಮತ ಇಲ್ಲ, ಪೌರತ್ವ ಇದ್ದವರಿಗೆ ಮಾತ್ರ. ಆದರೆ ಕೈ ನಡುಗುವ, ಕಣ್ಣು ಕಾಣದ ಹಿರಿಯರು ತಾವೇ ಚೀಟಿ ಹಾಕಲು ಆಗದಿದ್ದರೆ ಪರದೆಯ ಹಿಂದಕ್ಕೆ ಒಬ್ಬರನ್ನು ಸಹಾಯಕ್ಕೆ ಕರೆದೊಯ್ಯಬಹುದು. ಯಾರನ್ನು ಎನ್ನುವುದು ಆ ಮತದಾರರ ಇಷ್ಟ. ವೃದ್ಧಾಶ್ರಮದಂಥ ಸಂಸ್ಥೆಯ ಸಿಬ್ಬಂದಿಗೆ ನಿರ್ಬಂಧ ಇದೆ, ಆದ್ದರಿಂದ ಮತಗಟ್ಟೆ ಕಾರ್ಯದರ್ಶಿಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಗಾಲಿಕುರ್ಚಿಯಲ್ಲಿರುವವರು ತಮ್ಮ ಮತಗಟ್ಟೆಗೆ ಮೆಟ್ಟಿಲಿದ್ದರೆ ಅಂಗವಿಕಲರಿಗೆಂದು ಸಜ್ಜಾದ ಬೇರೆ ಮತಗಟ್ಟೆಯಲ್ಲಿ ಜೋಡಿ ಲಕೋಟೆಯಲ್ಲಿ ಹಾಕಬಹುದು. ಹಿರಿಯರ ಗುರುತಿನ ಚೀಟಿ, ಇಲ್ಲವೇ ಪಾಸ್‌ಪೋರ್ಟ್ ಅಥವಾ ಚಾಲನಾ ಪರವಾನಗಿ ಜತೆಗಿರಲಿ. ಚೀಟಿ ಯಾವುದೆಂದು ಅವರೇ ಹೇಳಬೇಕು. ಆ ದಿನ ಸಾರ್ವಜನಿಕ ರಜೆ.

ಅಂಕಿಅಂಶ_ಮೈಸೂರು

ಅಂಕಿ ನೇರವಾಗಿ ನೋಡಬೇಕೆಂದರೆ ಕೇಂದ್ರ ಚುನಾವಣಾ ಸಮಿತಿಯ ಫಲಿತಾಂಶ ತಾಣವೇ ಸಾಕು. ಪ್ರತಿ ಕ್ನೆಸೆಟ್‌ಗೆ ಪ್ರತ್ಯೇಕ ತಾಣ. ಪುಟ ಹೀಬ್ರೂವಿನಲ್ಲಿದ್ದರೂ ಚೀಟಿಯ ಅಕ್ಷರ ಗುರುತಿಟ್ಟುಕೊಂಡರೆ ಕಷ್ಟವಿಲ್ಲ: ಮೆಮ್-ಹೇತ್-ಲಾಮೆದ್ ಲಿಕುಡ್, ಪೇ-ಹೇ ಯೇಶ್ ಅತೀದ್, ಶಿನ್-ಸಾಮೆಖ್ ಶಾಸ್, ಒಂಟಿ ಗಿಮೆಲ್ ತೋರಾ ಜುಡಾಯಿಸಂ, ಒಂಟಿ ಲಾಮೆದ್ ಯಿಸ್ರಾಯೇಲ್ ಬೆಯ್ತೇನು. ಪಟ್ಟಿಗಳು ಒಡೆದು ಸೇರಿದಾಗ ಅಕ್ಷರ ಬದಲಾಗಬಹುದು, ಪ್ರತಿ ಸಲ ಪರಿಶೀಲಿಸಿ.

ಊರುವಾರು, ಮತಗಟ್ಟೆವಾರು ಕಡತಗಳನ್ನು ಇಳಿಸಿಕೊಳ್ಳಬಹುದು. ಅದರಲ್ಲಿ ಎರಡು ತೊಡಕು. ಒಂದು, ಕೆಲವು ವರ್ಷಗಳ ಕಡತಗಳು ಯೂನಿಕೋಡ್ ಅಲ್ಲ, ಹಳೆಯ ಹೀಬ್ರೂ ಸಂಕೇತದಲ್ಲಿವೆ. ಎಕ್ಸೆಲ್‌ನಲ್ಲಿ ಹಾಗೇ ತೆರೆದರೆ ಅಕ್ಷರವೆಲ್ಲ ಕಲಸಿಹೋಗುತ್ತದೆ. ಆಮದು ಮಾಡುವಾಗ ಐಎಸ್‌ಒ 8859-8 ಆರಿಸಿ. ಎರಡು, ಜೋಡಿ ಲಕೋಟೆಗಳು ಒಂದು "ಊರು" ಎಂಬಂತೆ ಪ್ರತ್ಯೇಕ ಸಾಲಿನಲ್ಲಿರುತ್ತವೆ. ಆ ಸಾಲಿಗೆ ನೋಂದಾಯಿತ ಮತದಾರರ ಸಂಖ್ಯೆ ಇರುವುದಿಲ್ಲ, ಏಕೆಂದರೆ ಅವರೆಲ್ಲ ತಮ್ಮ ಊರಿನ ಪಟ್ಟಿಯಲ್ಲೇ ಇದ್ದಾರೆ. ಊರುವಾರು ಮತದಾನ ಪ್ರಮಾಣ ತೆಗೆದರೆ ಸೈನಿಕರು ಹೆಚ್ಚಿರುವ ಊರುಗಳಲ್ಲಿ ಅದು ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಹಿಂದಿನ ಸಲಗಳ ಒಟ್ಟು ಪ್ರಮಾಣ ಹೋಲಿಕೆಗೆ: 2019 ಏಪ್ರಿಲ್ ಶೇ 68.5, ಸೆಪ್ಟೆಂಬರ್ 69.8, 2020ರಲ್ಲಿ 71.5, 2021ರಲ್ಲಿ 67.4, 2022ರಲ್ಲಿ 70.6.

ಓದುಗ_ಧಾರವಾಡ

ಎಣಿಕೆ ಮುಗಿಯಿತು, 60–60 ಅಥವಾ 59–61 ಅಂತಿಟ್ಟುಕೊಳ್ಳಿ. ಆಮೇಲೆ?

ಗಡಿರೇಖೆ

ಆಮೇಲೆ ದೇಶದ ಅಧ್ಯಕ್ಷರ ಸರದಿ. ಪ್ರತಿ ಪಟ್ಟಿಯ ಪ್ರತಿನಿಧಿಗಳನ್ನು ಕರೆದು "ಪ್ರಧಾನಿ ಹುದ್ದೆಗೆ ಯಾರನ್ನು ಸೂಚಿಸುತ್ತೀರಿ" ಎಂದು ಕೇಳುತ್ತಾರೆ. ಅಧಿಕೃತ ಫಲಿತಾಂಶ ಬಂದ ಏಳು ದಿನದೊಳಗೆ ಒಬ್ಬರಿಗೆ ಸರ್ಕಾರ ರಚಿಸುವ ಹೊಣೆ. ಅವರಿಗೆ 28 ದಿನ; ಬೇಕಾದರೆ 14 ದಿನದವರೆಗೆ ವಿಸ್ತರಣೆ. ಆಗದಿದ್ದರೆ ಇನ್ನೊಬ್ಬರಿಗೆ 28 ದಿನ. ಅದೂ ಆಗದಿದ್ದರೆ 21 ದಿನ ಕ್ನೆಸೆಟ್‌ನದ್ದೇ: 61 ಸದಸ್ಯರ ಸಹಿ ತಂದ ಯಾವ ಸದಸ್ಯರಿಗಾದರೂ ಅವಕಾಶ. ಅಲ್ಲೂ ಕೈಕೊಟ್ಟರೆ ಮತ್ತೆ ಚುನಾವಣೆ.

ಈ ಗಡುವುಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿಕೊಳ್ಳಿ, ಸುದ್ದಿಯೆಲ್ಲ ಅವುಗಳ ಕೊನೆಯ ಗಂಟೆಗಳಲ್ಲೇ ಹುಟ್ಟುತ್ತದೆ. 2021ರಲ್ಲಿ ನೆತನ್ಯಾಹು ಅವರ 28 ದಿನ ಮೇ 4ಕ್ಕೆ ಮುಗಿಯಿತು. ಲಪಿಡ್ ಅವರ ಸರದಿ ಜೂನ್ 2ರ ಮಧ್ಯರಾತ್ರಿಗೆ ಮುಗಿಯುವುದಿತ್ತು. ಇನ್ನೇನು ಗಡುವು ಮುಗಿಯುತ್ತದೆ ಎನ್ನುವಾಗ ಅಧ್ಯಕ್ಷ ರಿವ್ಲಿನ್ ಅವರಿಗೆ "ಆಯಿತು" ಎಂದು ತಿಳಿಸಿದರು. ಜೂನ್ 13ರಂದು ವಿಶ್ವಾಸಮತ 60–59.

ಬೆಳಗಿನ_ಪತ್ರಿಕೆ

ಇಲ್ಲಿ ಒಂದು ಸೂಕ್ಷ್ಮ. ಸೂಚಿಸಿದವರ ಸಂಖ್ಯೆ ಬೇರೆ, ಸರ್ಕಾರದಲ್ಲಿ ಕೂರುವವರ ಸಂಖ್ಯೆ ಬೇರೆ. 2020ರಲ್ಲಿ ಗ್ಯಾಂಟ್ಜ್ ಅವರನ್ನು 61 ಮಂದಿ ಸೂಚಿಸಿದರು, ಆದರೂ ಆ 61 ಒಟ್ಟಿಗೆ ಸರ್ಕಾರ ಮಾಡಲಿಲ್ಲ. ಗ್ಯಾಂಟ್ಜ್ ನೆತನ್ಯಾಹು ಜತೆ ಸೇರಿದರು. ಮೇಲಿನ 60–59ಕ್ಕೆ ಕಾರಣವೂ ಇದೇ ಬಗೆಯದು: ವಿಶ್ವಾಸಮತಕ್ಕೆ 61 ಕಡ್ಡಾಯವಲ್ಲ, ಪರವಾಗಿ ಬಿದ್ದವು ವಿರುದ್ಧಕ್ಕಿಂತ ಹೆಚ್ಚಿದ್ದರೆ ಸಾಕು. ಆ ದಿನ ಒಬ್ಬ ಸದಸ್ಯ ಯಾರಿಗೂ ಮತ ಹಾಕದೆ ಉಳಿದರು.

ಓದುಗ_ಧಾರವಾಡ

ಹಾಗಿದ್ದರೆ ಉಳಿಕೆ ಮತ ಒಪ್ಪಂದಗಳ ಪಟ್ಟಿ ನಮಗೆ ಮೊದಲೇ ಸಿಗುತ್ತದೆಯೇ? ಅದಿಲ್ಲದೆ ಹಂತ 3 ಮಾಡಲಾಗದಲ್ಲ.

ಮತಗಣಿತ

ಸಿಗುತ್ತದೆ. ಒಪ್ಪಂದವನ್ನು ಮತದಾನಕ್ಕೆ ಮೊದಲೇ ಕೇಂದ್ರ ಚುನಾವಣಾ ಸಮಿತಿಗೆ ಲಿಖಿತವಾಗಿ ಕೊಡಬೇಕು, ಅದು ಬಹಿರಂಗ ಮಾಹಿತಿ. ಕಾಗದದ ಮೇಲೆ ಜೋಡಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಗುರುವಾರ ಅಂತಿಮ ಅಂಕಿ ಬಂದಾಗ ಮೊದಲು ಗಡಿ ದಾಟದವರನ್ನು ಹೊಡೆದುಹಾಕಿ, ಅವರ ಜೋಡಿಯವರನ್ನು ಒಂಟಿ ಎಂದು ಬರೆದುಕೊಂಡು, ಆಮೇಲೆಯೇ ಭಾಗಾಕಾರ ಶುರುಮಾಡಿ.